ಎರಡು ಕಾರು, ಎರಡು ಶಿರೂರು

ಬೆಂಜೋ, ಬಿಎಂಡಬ್ಲ್ಯುವೋ? ಭಟ್ಕಳ, ಹೊನ್ನಾವರ, ಕುಮಟಾ ಈ ಮೂರೂ ಊರುಗಳಲ್ಲಿ ಈ ಪ್ರಶ್ನೆಯ ಬಗ್ಗೆ ಅಭಿಪ್ರಾಯ ಇಲ್ಲದವರು ಕಡಿಮೆ. ಚಾದಂಗಡಿಯಲ್ಲಿ, ಮದುವೆಮನೆಯ ಚಪ್ಪರದ ಹೊರಗೆ, ಕಾಲೇಜಿನ ಕಟ್ಟೆಯ ಮೇಲೆ, ಹಾಸ್ಟೆಲ್ಲಿನ ರಾತ್ರಿಗಳಲ್ಲಿ ಈ ವಾದ ನಡೆಯುತ್ತಲೇ ಇರುತ್ತದೆ. ಕೊಳ್ಳುವವರು ಬೆರಳೆಣಿಕೆಯಷ್ಟು, ತೀರ್ಪು ಕೊಡುವವರು ನೂರಾರು. ಒಬ್ಬನಿಗೆ ಇಂಜಿನ್ ಮುಖ್ಯ, ಇನ್ನೊಬ್ಬನಿಗೆ ಸೀಟಿನ ಮೆತ್ತೆ, ಮತ್ತೊಬ್ಬನಿಗೆ ಐದು ವರ್ಷದ ನಂತರ ಮಾರಿದರೆ ಬರುವ ಬೆಲೆ. ಬಸ್ಸಿಗೆ ಕಾದು ನಿಂತವರೂ ಈ ವಾದಕ್ಕೆ ಸೇರಿಕೊಳ್ಳುತ್ತಾರೆ. ಬಸ್ಸು ಯಾಕೆ ಬರಲಿಲ್ಲ ಎಂಬ ವಾದಕ್ಕೆ ಮಾತ್ರ ಯಾರೂ ಸೇರುವುದಿಲ್ಲ.

ಹೊತ್ತು ಹೋಗಲಿಕ್ಕೆ ಆಡುವ ಮಾತು, ಇದಕ್ಕೇಕೆ ತಲೆ ಕೆಡಿಸಿಕೊಳ್ಳಬೇಕು ಎನ್ನಬಹುದು. ನನ್ನ ತಕರಾರು ಇಷ್ಟೇ: ನಮ್ಮ ಕರಾವಳಿಯಲ್ಲಿ ಎರಡು ಐಷಾರಾಮಿ ಕಾರುಗಳ ನಡುವಿನ ಆಯ್ಕೆ ಒಂದು ಆಯ್ಕೆಯೇ ಅಲ್ಲ. ಅದು ಆಯ್ಕೆಯ ವೇಷ ಹಾಕಿಕೊಂಡು, ನಾವು ನಿಜಕ್ಕೂ ಆಯ್ದುಕೊಳ್ಳಬೇಕಾದ ಸಂಗತಿಗಳ ಬಗ್ಗೆ ಮಾತಾಡುವ ಅಭ್ಯಾಸವನ್ನೇ ತಪ್ಪಿಸುತ್ತಿದೆ. ಕಾರು ಕೊಂಡವರ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟಿರುವುದು ಕಾರು ಕೊಳ್ಳದ ನಮ್ಮಂಥವರು ಆ ಕಾರಿನ ಹಿಂದಿನ ಸೀಟಿನಲ್ಲಿ ಮನಸ್ಸಿನಲ್ಲೇ ಕೂತು ಲೋಕ ನೋಡುವುದರ ಮೇಲೆ.

ಮೊದಲು ಕಾರುಗಳಿಗೆ ಸಲ್ಲಬೇಕಾದ್ದನ್ನು ಸಲ್ಲಿಸೋಣ. ಬಿಎಂಡಬ್ಲ್ಯು 5 ಸೀರೀಸ್‌ನ ಉದ್ದನೆಯ ಮಾದರಿ ಭಾರತದಲ್ಲಿ ಬಿಡುಗಡೆಯಾದದ್ದು 2024ರ ಜುಲೈ 24ರಂದು, 72.9 ಲಕ್ಷ ರೂಪಾಯಿಯ ಶೋರೂಮ್ ಬೆಲೆಗೆ. ಮರ್ಸಿಡಿಸ್ ಬೆಂಜ್ ಇ-ಕ್ಲಾಸ್‌ನ ಹೊಸ ಮಾದರಿ ಅದೇ ವರ್ಷದ ಅಕ್ಟೋಬರ್‌ನಲ್ಲಿ 78.5 ಲಕ್ಷಕ್ಕೆ ಬಂತು. ಮೊದಲನೆಯದು ಚೆನ್ನೈ ಹತ್ತಿರ ಜೋಡಣೆಯಾಗುತ್ತದೆ, ಎರಡನೆಯದು ಪುಣೆ ಬಳಿಯ ಚಾಕಣದಲ್ಲಿ. ಎರಡರಲ್ಲೂ ಎರಡು ಲೀಟರಿನ ಪೆಟ್ರೋಲ್ ಇಂಜಿನ್ ಇದೆ, ಎರಡೂ ಐದು ಮೀಟರಿಗಿಂತ ಉದ್ದ. ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವಿನ ದೂರ, ಅಂದರೆ ವೀಲ್‌ಬೇಸ್, ಬಿಎಂಡಬ್ಲ್ಯುವಿನಲ್ಲಿ 3,105 ಮಿ.ಮೀ., ಬೆಂಜಿನಲ್ಲಿ 3,094 ಮಿ.ಮೀ. ವ್ಯತ್ಯಾಸ 11 ಮಿಲಿಮೀಟರು, ಒಂದು ಕಿರುಬೆರಳಿನಗಲ. ಈ ಕಿರುಬೆರಳಿನಗಲದ ಮೇಲೆ ನಮ್ಮ ಕಟ್ಟೆಗಳಲ್ಲಿ ಸಂಜೆಗಟ್ಟಲೆ ವಾದ ನಡೆಯುತ್ತದೆ.

ಗಮನಿಸಬೇಕಾದದ್ದು ಬೇರೆ. ಎರಡೂ ಕಂಪನಿಗಳು ಮೂಲ ಕಾರನ್ನು ಹಿಗ್ಗಿಸಿದ್ದು ಒಂದೇ ಜಾಗದಲ್ಲಿ: ಹಿಂದಿನ ಸೀಟಿನಲ್ಲಿ ಕೂತವರು ಕಾಲು ಚಾಚುವಲ್ಲಿ. ಚಾಲಕನ ಜಾಗ ಎಷ್ಟಿತ್ತೋ ಅಷ್ಟೇ ಇದೆ. ಇದು ಮಾಲೀಕ ಹಿಂದೆ ಕೂರುವ ದೇಶಗಳಿಗೆಂದೇ ಮಾಡಿದ ಕಾರು. ಚೀನಾ ಇಂಥ ಕಾರುಗಳ ದೊಡ್ಡ ಮಾರುಕಟ್ಟೆ, ನಂತರ ನಾವು. ಹಾಗಾಗಿ ಇವೆರಡರ ಹೋಲಿಕೆಯಲ್ಲಿ ಬಳಸುವ ಅಳತೆಗೋಲುಗಳೆಲ್ಲ ಹಿಂದಿನ ಸೀಟಿನವು. ಕುಲುಕಾಟ ಎಷ್ಟು ಕಡಿಮೆ? ಹೊರಗಿನ ಸದ್ದು ಎಷ್ಟು ಕೇಳಿಸುವುದಿಲ್ಲ? ಪರದೆ ತಾನಾಗಿ ಏರುತ್ತದೆಯೇ? ಹೊಂಡ ಗೊತ್ತಾಗಬಾರದು, ಸದ್ದು ಕೇಳಬಾರದು, ಬಿಸಿಲು ಕಾಣಬಾರದು. ಊರು ತನಗೆ ತಟ್ಟದ ಹಾಗೆ ಊರೊಳಗೆ ಹಾದುಹೋಗುವುದು ಇಲ್ಲಿ ಮಾರಾಟವಾಗುವ ಸರಕು.

ಸಾಹಿತ್ಯ ಓದುವವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಎರಡು ಕೃತಿಗಳನ್ನು ಹೋಲಿಸಲು ಕೂತವನು ಯಾವ ಅಳತೆಗೋಲು ಹಿಡಿದ ಎಂಬುದರಲ್ಲೇ ಅರ್ಧ ತೀರ್ಪು ಮುಗಿದಿರುತ್ತದೆ. ಹಿಂದಿನ ಸೀಟಿನ ಅಳತೆಗೋಲು ಹಿಡಿದು ಎರಡು ಕಾರು ನೋಡಿದರೆ ಗೆಲ್ಲುವುದು ಯಾವ ಕಾರಾದರೂ ಆಗಬಹುದು, ಸೋಲುವುದು ಮಾತ್ರ ಪ್ರತಿಸಲ ರಸ್ತೆಯೇ. ಯಾಕೆಂದರೆ ರಸ್ತೆ ಆ ಹೋಲಿಕೆಯ ಪಟ್ಟಿಯಲ್ಲೇ ಇಲ್ಲ.

ಹೋಲಿಸುವುದೇ ತಪ್ಪು ಎಂದು ನಾನು ಹೇಳುತ್ತಿಲ್ಲ. ಹೊನ್ನಾವರ, ಕುಮಟಾ ಸೀಮೆಯವರು ಹೋಲಿಕೆಯಲ್ಲಿ ಪಳಗಿದವರು. ಕೆರೆಮನೆ ಶಂಭು ಹೆಗಡೆಯವರೋ ಚಿಟ್ಟಾಣಿ ರಾಮಚಂದ್ರ ಹೆಗಡೆಯವರೋ ಎಂಬ ವಾದ ಇಲ್ಲಿ ಎಷ್ಟೋ ಮನೆಗಳಲ್ಲಿ ಅಣ್ಣ ತಮ್ಮಂದಿರನ್ನು ಎರಡು ಪಕ್ಷ ಮಾಡಿದೆ. ಒಬ್ಬರ ಸಂಯಮ, ಇನ್ನೊಬ್ಬರ ಹುರುಪು. ಒಬ್ಬರ ಮಾತು, ಇನ್ನೊಬ್ಬರ ಕುಣಿತ. ಆದರೆ ಆ ವಾದ ಮಾಡುತ್ತಿದ್ದವರೆಲ್ಲ ಆಟ ನೋಡಿದವರು. ರಾತ್ರಿಯಿಡೀ ನೆಲದ ಮೇಲೆ ಕೂತು ನೋಡಿ, ಬೆಳಿಗ್ಗೆ ತೂಕಡಿಸುತ್ತ ನಡೆದುಹೋಗುವಾಗ ಜಗಳವಾಡಿದವರು. ಆ ಹೋಲಿಕೆಯಿಂದ ನೋಡುವವರ ಕಣ್ಣು ಸೂಕ್ಷ್ಮವಾಯಿತು, ಮೇಳಗಳ ಮೇಲೆ ಒತ್ತಡ ಬಿತ್ತು, ಮುಂದಿನ ಆಟ ಇನ್ನಷ್ಟು ಬಿಗಿಯಾಯಿತು.

ಕಾರಿನ ಹಳೆಯ ಹೋಲಿಕೆಯೂ ಹೀಗೇ ಇತ್ತು. ಅಪ್ಪಂದಿರ ತಲೆಮಾರಿನಲ್ಲಿ ಅದು ಅಂಬಾಸಿಡರ್ ಮತ್ತು ಫಿಯಟ್ ನಡುವಿನ ಜಗಳ. 1950ರ ದಶಕದ ಕೊನೆಗೆ ಬಂದ ಅಂಬಾಸಿಡರ್ 2014ರವರೆಗೂ ತಯಾರಾಯಿತು. ಫಿಯಟ್ 1970ರ ದಶಕದಲ್ಲಿ ಪ್ರೀಮಿಯರ್ ಪದ್ಮಿನಿ ಎಂದು ಹೆಸರು ಬದಲಿಸಿಕೊಂಡಿತು. ಲೈಸೆನ್ಸ್ ಕಾಲದಲ್ಲಿ ಹಣ ಕಟ್ಟಿ ವರ್ಷಗಟ್ಟಲೆ ಕಾಯಬೇಕಿತ್ತು. ಅದನ್ನು ಆಯ್ಕೆ ಎನ್ನುವುದೂ ಕಷ್ಟ. ಆದರೂ ಅಂಬಾಸಿಡರ್ ಬಾಡಿಗೆಗೆ ಸಿಗುತ್ತಿತ್ತು. ಬಾಣಂತಿ ಅದರಲ್ಲಿ ಮನೆಗೆ ಬಂದಳು, ದಿಬ್ಬಣ ಅದರಲ್ಲಿ ಹೋಯಿತು, ಶವವನ್ನೂ ಅದರ ಮೇಲೆ ಕಟ್ಟಿ ತಂದರು. ಯಾವ ಕಾರು ಘಟ್ಟ ಹತ್ತುತ್ತದೆ, ಯಾವುದರಲ್ಲಿ ಏಳು ಜನ ಹಿಡಿಸುತ್ತಾರೆ ಎಂಬ ವಾದಕ್ಕೆ ಕಾರಿಲ್ಲದವನಿಗೂ ಹಕ್ಕಿತ್ತು, ಏಕೆಂದರೆ ಅವನೂ ಅದರಲ್ಲಿ ಕೂತಿದ್ದ. ಇ-ಕ್ಲಾಸ್‌ನಲ್ಲಿ ಏಳು ಜನ ಹಿಡಿಸಬಹುದೇ ಎಂದು ಇಂದು ಕೇಳಿದರೆ ಕಟ್ಟೆಯವರೇ ನಗುತ್ತಾರೆ.

ಈಗ ರಸ್ತೆಗೆ ಬರೋಣ. ಭಟ್ಕಳದಿಂದ ಹೊನ್ನಾವರಕ್ಕೆ ಮೂವತ್ತೈದು ಕಿಲೋಮೀಟರ್ ಆಸುಪಾಸು, ಅಲ್ಲಿಂದ ಕುಮಟಾಕ್ಕೆ ಇಪ್ಪತ್ತು. ಈ ರಸ್ತೆಯಲ್ಲಿ ಓಡುವ ಕಾರುಗಳ ನಂಬರ್ ಪ್ಲೇಟಿನ ಮೇಲೆ ಹೆಚ್ಚಾಗಿ ಕಾಣುವುದು ಹೊನ್ನಾವರದ ಕೆಎ-47. ಹಳೆಯ ಹದಿನೇಳನೇ ನಂಬರಿನ ಹೆದ್ದಾರಿ ಈಗ 66 ಆಗಿದೆ, ದ್ವಿಪಥ ಹೋಗಿ ಚತುಷ್ಪಥ ಬಂದಿದೆ. ಈ ಹಾದಿಯ ಎರಡು ತುದಿಗಳಾಚೆ ಎರಡು ಶಿರೂರುಗಳಿವೆ. ಉತ್ತರಕ್ಕೆ, ಕುಮಟಾ ದಾಟಿದ ಮೇಲೆ, ಅಂಕೋಲಾ ತಾಲೂಕಿನ ಶಿರೂರು. ದಕ್ಷಿಣಕ್ಕೆ, ಭಟ್ಕಳ ದಾಟಿದ ಕೂಡಲೇ, ಬೈಂದೂರು ಕಡೆಯ ಶಿರೂರು. ನಮ್ಮ ಮೂರೂ ಊರುಗಳು ಈ ಎರಡು ಶಿರೂರುಗಳ ನಡುವೆ ಇವೆ. ಬೆಂಜಿಗೂ ಬಿಎಂಡಬ್ಲ್ಯುವಿಗೂ ಇರುವ ವ್ಯತ್ಯಾಸ ತಿಳಿದವರು ಈ ಎರಡು ಊರುಗಳಲ್ಲಿ ಆದದ್ದನ್ನೂ ತಿಳಿದಿರಬೇಕು.

ದಕ್ಷಿಣದ ಶಿರೂರಿನಲ್ಲಿ 2022ರ ಜುಲೈ 20ರಂದು ಹೊನ್ನಾವರದಿಂದ ಕುಂದಾಪುರದ ಕಡೆಗೆ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸ್ ಮಳೆಯಲ್ಲಿ ಜಾರಿ ಟೋಲ್‌ಗೇಟಿಗೆ ಅಪ್ಪಳಿಸಿತು. ನಾಲ್ವರು ಸತ್ತರು. ಸಿಸಿ ಕ್ಯಾಮೆರಾದ ಆ ದೃಶ್ಯವನ್ನು ದೇಶವೆಲ್ಲ ನೋಡಿತು. ಆ ಆಂಬುಲೆನ್ಸ್ ಜಿಲ್ಲೆ ದಾಟಿ ಯಾಕೆ ಓಡುತ್ತಿತ್ತು ಎಂಬುದು ನಮಗೆ ಗೊತ್ತು. ಹೃದಯ, ಮೆದುಳು, ದೊಡ್ಡ ಅಪಘಾತ ಎಂದರೆ ಇಲ್ಲಿನವರು ಮಣಿಪಾಲ, ಮಂಗಳೂರು, ಹುಬ್ಬಳ್ಳಿ ಅಥವಾ ಗೋವಾದ ಹಾದಿ ಹಿಡಿಯಬೇಕು. ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂಬ ಕೂಗು ಅದಕ್ಕೂ ಹಿಂದಿನದು. ಆ ಜುಲೈನಲ್ಲಿ ಅದು ಮತ್ತೆ ಜೋರಾಗಿ ಎದ್ದಿತು. ಎರಡೇ ವಾರ ಕಳೆದು, ಆಗಸ್ಟ್ 2ರಂದು, ಭಟ್ಕಳದಲ್ಲಿ ಒಂದೇ ದಿನಕ್ಕೆ 500 ಮಿ.ಮೀ.ಗೂ ಮಿಕ್ಕಿ ಮಳೆ ಸುರಿಯಿತು. ಮುಟ್ಟಳ್ಳಿಯಲ್ಲಿ ಗುಡ್ಡ ಕುಸಿದು ಒಂದೇ ಮನೆಯ ನಾಲ್ವರು ಹೋದರು, ಪೇಟೆಯ ಹೆದ್ದಾರಿ ಹೊಳೆಯಾಯಿತು. ಆ ನೀರಿನಲ್ಲಿ ಯಾವ ಕಾರಿನ ವೀಲ್‌ಬೇಸ್ ಎಷ್ಟು ಎಂದು ಯಾರೂ ಅಳೆಯಲಿಲ್ಲ.

ಉತ್ತರದ ಶಿರೂರಿನಲ್ಲಿ 2024ರ ಜುಲೈ 16ರಂದು ಹೆದ್ದಾರಿಗಾಗಿ ಕಡಿದಿದ್ದ ಗುಡ್ಡ ಕುಸಿಯಿತು. ರಸ್ತೆಬದಿಯಲ್ಲಿ ಚಾ, ತಿಂಡಿಯ ಹೋಟೆಲ್ ನಡೆಸುತ್ತಿದ್ದ ಕುಟುಂಬ ಮಣ್ಣಿನಡಿ ಸೇರಿತು. ಲಾರಿ ನಿಲ್ಲಿಸಿಕೊಂಡಿದ್ದ ಚಾಲಕರು ಸತ್ತರು. ಮಣ್ಣು ಗಂಗಾವಳಿಗೆ ಬಿದ್ದ ರಭಸಕ್ಕೆ ಎದ್ದ ನೀರು ಆಚೆ ದಡದ ಉಳುವರೆಯ ಮನೆಗಳಿಗೂ ಬಡಿಯಿತು. ನದಿಯಲ್ಲಿ ಮುಳುಗಿದ ಕೇರಳದ ಲಾರಿಯನ್ನೂ ಅದರ ಚಾಲಕನ ದೇಹವನ್ನೂ ಮೇಲೆತ್ತಿದ್ದು ಸೆಪ್ಟೆಂಬರ್ 25ರಂದು. ಇದರ ನಡುವೆಯೇ ಆಗಸ್ಟ್ 7ರ ನಸುಕಿನಲ್ಲಿ ಕಾರವಾರದಲ್ಲಿ ಕಾಳಿ ನದಿಯ ಹಳೆಯ ಸೇತುವೆ ಕುಸಿದು ಇನ್ನೊಂದು ಲಾರಿ ನೀರಿಗೆ ಬಿತ್ತು.

ಮೇಲೆ ಬರೆದ ದಿನಾಂಕಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಗುಡ್ಡ ಕುಸಿದ ಎಂಟು ದಿನಕ್ಕೆ, ಗಂಗಾವಳಿಯಲ್ಲಿ ಶೋಧ ನಡೆಯುತ್ತಿದ್ದಾಗಲೇ, 5 ಸೀರೀಸ್ ಬಿಡುಗಡೆಯಾಯಿತು. ಲಾರಿ ಮೇಲೆ ಬಂದ ಹದಿನೈದು ದಿನದೊಳಗೆ ಇ-ಕ್ಲಾಸ್ ಬಂತು. ಇದು ಕಾಕತಾಳೀಯ, ಕಾರು ಕಂಪನಿಗಳಿಗೂ ಗುಡ್ಡಕ್ಕೂ ಸಂಬಂಧವಿಲ್ಲ. ಸಂಬಂಧ ಇರುವುದು ನಮಗೆ. ಎರಡು ಕಾರಿನ ಸುದ್ದಿ ಇಂದಿಗೂ ನಮ್ಮ ಬಾಯಲ್ಲಿ ಓಡಾಡುತ್ತಿದೆ, ಅಂಕಿಅಂಶಗಳ ಸಮೇತ. ಎರಡು ಶಿರೂರಿನ ಸುದ್ದಿ ಮಳೆಗಾಲದೊಂದಿಗೆ ಹರಿದುಹೋಯಿತು. ಗುಡ್ಡವನ್ನು ಯಾವ ಕೋನದಲ್ಲಿ ಕಡಿದಿದ್ದರು, ಉಳಿದ ಗುಡ್ಡಗಳನ್ನು ಹೇಗೆ ಕಡಿದಿದ್ದಾರೆ ಎಂದು ಕೇಳಿದರೆ ನಮ್ಮಲ್ಲಿ ಎಷ್ಟು ಜನ ಉತ್ತರಿಸಬಲ್ಲೆವು? ಹನ್ನೊಂದು ಮಿಲಿಮೀಟರು ನೆನಪಿಟ್ಟುಕೊಳ್ಳುವ ತಲೆಗೆ ಇದು ಕಷ್ಟದ ಲೆಕ್ಕವಲ್ಲ.

ಟೋಲ್‌ಗೇಟಿನ ದರಪಟ್ಟಿ ಈ ವಿಷಯದಲ್ಲಿ ನಮಗಿಂತ ನಿಷ್ಠುರ. ಅದರಲ್ಲಿ ಬೆಂಜಿಗೆ ಒಂದು ಸಾಲು, ಬಿಎಂಡಬ್ಲ್ಯುವಿಗೆ ಇನ್ನೊಂದು ಸಾಲು ಇಲ್ಲ. ಕಾರು, ಜೀಪು, ವ್ಯಾನು ಎಲ್ಲ ಒಂದೇ ಸಾಲಿನಲ್ಲಿವೆ. ಎಂಬತ್ತು ಲಕ್ಷದ ಸೆಡಾನಿಗೂ ಮೂರನೇ ಕೈಗೆ ಬಂದ ಆಲ್ಟೋಗೂ ಅಲ್ಲಿ ಒಂದೇ ಹಣ. ಗುಡ್ಡವೂ ಹಾಗೇ ನೋಡುತ್ತದೆ. ಗುಡ್ಡದ ಕೆಳಗೆ ಹಾದುಹೋಗುವಾಗ ಹಿಂದಿನ ಸೀಟು, ಮುಂದಿನ ಸೀಟು ಎಂಬ ಭೇದವಿಲ್ಲ.

ಇಲ್ಲಿ ಬರಬಹುದಾದ ಆಕ್ಷೇಪಗಳನ್ನು ಗಂಭೀರವಾಗಿಯೇ ತೆಗೆದುಕೊಳ್ಳಬೇಕು.

ಮೊದಲನೆಯದು, ದುಡಿದವರ ಹಣ, ಅವರಿಷ್ಟ. ಒಪ್ಪುತ್ತೇನೆ. ಮೂವತ್ತು ವರ್ಷ ಮರಳುಗಾಡಿನ ಬಿಸಿಲಿನಲ್ಲೋ ಮುಂಬೈಯ ಕೋಣೆಯಲ್ಲೋ ಕಳೆದು ಬಂದವರಿಗೆ ಮೆತ್ತನೆಯ ಸೀಟು ಬೇಡ ಎನ್ನುವ ಅಧಿಕಾರ ಯಾರಿಗೂ ಇಲ್ಲ.

ಎರಡನೆಯದು, ಅವರು ತೆರಿಗೆ ಕಟ್ಟುತ್ತಾರಲ್ಲ. ಹೌದು, ಚೆನ್ನಾಗಿಯೇ ಕಟ್ಟುತ್ತಾರೆ. ಕರ್ನಾಟಕದಲ್ಲಿ 20 ಲಕ್ಷ ಮೀರಿದ ಕಾರಿಗೆ ಜೀವಿತಾವಧಿ ತೆರಿಗೆ ಶೇ. 18. ಎಂಬತ್ತು ಲಕ್ಷದ ಕಾರಿಗೆ ಇದೊಂದೇ 14 ಲಕ್ಷ ದಾಟುತ್ತದೆ, ಸೆಸ್ ಬೇರೆ, ಜಿಎಸ್‌ಟಿ ಬೇರೆ. ಹಾಗಿದ್ದರೆ ಈ ರಸ್ತೆಯ ಲೆಕ್ಕ ಕೇಳುವ ಮೊದಲ ಹಕ್ಕು ಅವರದ್ದೇ. ಅವರು ಕೇಳಿದರೆ ಕಚೇರಿಯಲ್ಲಿ ಕುರ್ಚಿ ಹಾಕುತ್ತಾರೆ, ನಾವು ಕೇಳಿದರೆ ನಾಳೆ ಬಾ ಎನ್ನುತ್ತಾರೆ. ಆದರೆ ಅವರು ಕೇಳುವುದಿಲ್ಲ, ಏಕೆಂದರೆ ಕೇಳಬೇಕಾದ ಪ್ರಮೇಯವೇ ಬಾರದ ಹಾಗೆ ಕಾರು ನೋಡಿಕೊಳ್ಳುತ್ತದೆ. ಅರ್ಥಶಾಸ್ತ್ರಜ್ಞ ಆಲ್ಬರ್ಟ್ ಹಿರ್ಷ್‌ಮನ್ 1970ರ ಪುಸ್ತಕವೊಂದರಲ್ಲಿ ನೈಜೀರಿಯಾದ ರೈಲಿನ ಉದಾಹರಣೆ ಕೊಟ್ಟು ಇದನ್ನೇ ವಿವರಿಸಿದ. ರೈಲು ಕೆಟ್ಟಾಗ ಅನುಕೂಲಸ್ಥರು ಲಾರಿಗೆ ಬದಲಾಯಿಸಿಕೊಂಡರು; ದನಿಯೆತ್ತಿ ಗಲಾಟೆ ಮಾಡಬಲ್ಲವರೇ ಬಿಟ್ಟುಹೋದ ಮೇಲೆ ರೈಲಿಗೆ ಸುಧಾರಿಸುವ ಒತ್ತಡವೇ ಉಳಿಯಲಿಲ್ಲ. ನಮ್ಮ ಹೆದ್ದಾರಿಯನ್ನು ಬಿಟ್ಟು ಯಾರೂ ಹೋಗಲಾರರು, ಬೇರೆ ರಸ್ತೆ ಇಲ್ಲ. ಆದರೆ ಅದೇ ರಸ್ತೆಯ ಮೇಲೆ ಇದ್ದುಕೊಂಡೇ ಅದನ್ನು ಬಿಟ್ಟುಹೋಗುವ ಉಪಾಯ ಈ ಕಾರು.

ಮೂರನೆಯದು, ಸುರಕ್ಷತೆ. ದೊಡ್ಡ ಕಾರಿನಲ್ಲಿ ಜೀವ ಉಳಿಯುತ್ತದೆ, ಏರ್‌ಬ್ಯಾಗುಗಳಿವೆ, ಬ್ರೇಕು ಒಳ್ಳೆಯದು. ಇದು ನಿಜ. ಆದರೆ ಸುರಕ್ಷತೆಯನ್ನು ಕೊಂಡುಕೊಳ್ಳಬೇಕು ಎಂಬುದು ಒಮ್ಮೆ ಒಪ್ಪಿತವಾದರೆ, ಕೊಳ್ಳಲಾಗದವರ ಸಾವು ಅವರವರ ಬಡತನದ ಲೆಕ್ಕಕ್ಕೆ ಹೋಗುತ್ತದೆ. ರಸ್ತೆ ದಾಟುವ ಮೀನಿನ ಬುಟ್ಟಿಯ ಹೆಂಗಸಿಗೆ ಏರ್‌ಬ್ಯಾಗ್ ಇಲ್ಲ. ಅವಳಿಗೆ ಬೇಕಾದದ್ದು ಸರಿಯಾದ ಜಾಗದಲ್ಲೊಂದು ಅಂಡರ್‌ಪಾಸ್, ಸರ್ವಿಸ್ ರಸ್ತೆ, ರಾತ್ರಿ ಉರಿಯುವ ದೀಪ.

ನಾಲ್ಕನೆಯ ಆಕ್ಷೇಪವನ್ನು ಯಾರೂ ಎದುರಿಗೆ ಹೇಳುವುದಿಲ್ಲ, ಬೆನ್ನ ಹಿಂದೆ ಹೇಳುತ್ತಾರೆ: ಇದೆಲ್ಲ ಹೊಟ್ಟೆಕಿಚ್ಚು. ಹೊಟ್ಟೆಕಿಚ್ಚು ನಮ್ಮಲ್ಲಿ ಇದೆ, ಆದರೆ ಅದು ಇರುವುದು ಬೇರೆಡೆ. ಐಷಾರಾಮಿ ಕಾರು ಭಟ್ಕಳದ್ದಾದರೆ ‘ದುಬೈ ದುಡ್ಡು’ ಎಂದು ಹುಬ್ಬೇರಿಸುವವರು, ಅದೇ ಕಾರು ಗುತ್ತಿಗೆದಾರನದ್ದೋ ಅಡಿಕೆ ವ್ಯಾಪಾರಿಯದ್ದೋ ಆದರೆ ‘ಸಾಧನೆ’ ಎನ್ನುತ್ತಾರೆ. ಒಂದೇ ಮಾದರಿ, ಒಂದೇ ಬೆಲೆ, ಎರಡು ಶಬ್ದ. ಕಾರಿನ ಮೇಲಿನ ಟೀಕೆ ಎಂದು ಚಲಾವಣೆಯಲ್ಲಿರುವ ಮಾತುಗಳಲ್ಲಿ ಬಹುಪಾಲು ಮನುಷ್ಯರ ಮೇಲಿನ ಅಸಹನೆ. ಈ ಬರಹ ಆ ಸಾಲಿಗೆ ಸೇರುವುದು ನನಗೆ ಬೇಡ. ನನ್ನ ತಕರಾರು ಎರಡೂ ಬಗೆಯ ಕಟ್ಟೆಯವರ ಜೊತೆ: ಕಾರನ್ನು ಕೊಂಡಾಡುವವರ ಜೊತೆ, ಮತ್ತು ಕಾರಿನ ನೆಪದಲ್ಲಿ ಪಕ್ಕದ ಊರಿನವರನ್ನು ಹೀಗಳೆಯುವವರ ಜೊತೆ. ಇಬ್ಬರೂ ಕಣ್ಣಿಟ್ಟಿರುವುದು ಕಾರಿನ ಮೇಲೆಯೇ.

ಹೊರಗೆ ದುಡಿದ ಹಣ ಈ ಕರಾವಳಿಯಲ್ಲಿ ಯಾವಾಗಲೂ ಹಿಂದಿನ ಸೀಟಿಗೇ ಹೋಗಿದೆ ಎಂದೂ ಅಲ್ಲ. ಭಟ್ಕಳದಲ್ಲಿ ಅಂಜುಮನ್ ಸಂಸ್ಥೆ ಹುಟ್ಟಿದ್ದು 1919ರಲ್ಲಿ. ಊರಿನ ವ್ಯಾಪಾರಸ್ಥ ಸಮುದಾಯ ಕಟ್ಟಿ ಬೆಳೆಸಿದ ಆ ಸಂಸ್ಥೆ ಇಂದು ಶಾಲೆಯಿಂದ ಇಂಜಿನಿಯರಿಂಗ್ ಕಾಲೇಜಿನವರೆಗೆ ಇದೆ. ಮುಂಬೈಯಲ್ಲಿ ನಾವಿಕರ ಸಂಘಟನೆಯಲ್ಲಿದ್ದ ದಿನಕರ ದೇಸಾಯಿ 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಕಟ್ಟಿ ಜಿಲ್ಲೆಯ ಹಳ್ಳಿಗಳಿಗೆ ಹೈಸ್ಕೂಲು ತಂದರು. ಚುಟುಕದ ಕವಿ ಎಂದು ನಾವು ಓದುವ ಆ ಮನುಷ್ಯ ಊರಿಗೆ ತಂದದ್ದು ಬೆಂಚು ಮತ್ತು ಕಪ್ಪು ಹಲಗೆ. ಮುಂದೆ ಕೂತವನಿಗೂ ಹಿಂದೆ ಕೂತವನಿಗೂ ಅಲ್ಲಿ ಒಂದೇ ಪಾಠ. ಅವೂ ಆಯ್ಕೆಗಳೇ. ಯಾರೋ ಕೂತು, ಹಣವನ್ನು ಇದಕ್ಕೆ ಹಾಕುವುದೋ ಅದಕ್ಕೆ ಹಾಕುವುದೋ ಎಂದು ಚರ್ಚಿಸಿ, ಹಂಚಿಕೊಳ್ಳುವಂಥದ್ದನ್ನು ಆಯ್ದುಕೊಂಡಿದ್ದರು.

ನಮ್ಮ ಚರ್ಚೆಗೆ ಈಗ ಏನಾಗಿದೆ ಎಂಬುದಕ್ಕೆ ಇನ್ನೊಂದೇ ಉದಾಹರಣೆ ಕೊಡುತ್ತೇನೆ. 2025ರ ಸೆಪ್ಟೆಂಬರ್ 22ರಂದು ಜಿಎಸ್‌ಟಿ ದರಗಳು ಬದಲಾದವು. ಇಂಥ ದೊಡ್ಡ ಸೆಡಾನುಗಳ ಮೇಲೆ ಸೆಸ್ ಸೇರಿ ಶೇ. 48 ಇದ್ದ ತೆರಿಗೆ ಶೇ. 40ಕ್ಕೆ ಇಳಿಯಿತು. ಅದೇ ಪಟ್ಟಿಯಲ್ಲಿ ಬಸ್ಸು ಮತ್ತು ಆಂಬುಲೆನ್ಸಿನ ತೆರಿಗೆ ಶೇ. 28ರಿಂದ ಶೇ. 18ಕ್ಕೆ ಇಳಿದಿತ್ತು. ಬೆಂಜಿಗೆ ಎಷ್ಟು ಲಕ್ಷ ಕಡಿಮೆಯಾಯಿತು, ಬಿಎಂಡಬ್ಲ್ಯುವಿಗೆ ಎಷ್ಟು ಎಂದು ಕಟ್ಟೆಗಳಲ್ಲಿ ಬಾಯಿಪಾಠವಾಯಿತು. ಆಂಬುಲೆನ್ಸ್ ಅಗ್ಗವಾಯಿತಲ್ಲ, ನಮ್ಮ ತಾಲೂಕಿಗೆ ಇನ್ನೊಂದು ಬರುತ್ತದೆಯೇ, ಡಿಪೋಗೆ ಹೊಸ ಬಸ್ಸು ಬರುತ್ತದೆಯೇ ಎಂದು ಕೇಳಿದವರು ನನಗೆ ಸಿಗಲಿಲ್ಲ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರು ಬಸ್ಸು ಹತ್ತುತ್ತಿದ್ದಾರೆ, ಕಾಲೇಜಿಗೆ, ಕೆಲಸಕ್ಕೆ, ತವರಿಗೆ ಹೋಗುತ್ತಿದ್ದಾರೆ. ಸೀಟು ಸಾಲುವುದಿಲ್ಲ ಎಂದು ನಾವು ಗೊಣಗುತ್ತೇವೆ, ಬಸ್ಸು ಹೆಚ್ಚಿಸಿ ಎಂದು ಬರೆಯುವುದಿಲ್ಲ.

ಹೋಲಿಕೆ ಬಿಡಬೇಕಾಗಿಲ್ಲ, ಹೋಲಿಸುವ ವಸ್ತು ಬದಲಾಗಬೇಕು. ಕುಮಟಾ ಡಿಪೋದಿಂದ ಬೆಳಿಗ್ಗೆ ಎಂಟಕ್ಕೆ ಹೊರಡುವ ಬಸ್ಸುಗಳೆಷ್ಟು, ಭಟ್ಕಳದಿಂದ ಎಷ್ಟು? ಹೊನ್ನಾವರದಲ್ಲಿ ರಾತ್ರಿ ಎರಡು ಗಂಟೆಗೆ ಎದೆನೋವು ಬಂದರೆ ಮಣಿಪಾಲ ತಲುಪಲು ಎಷ್ಟು ಹೊತ್ತು, ಕಾರವಾರದ ಮೆಡಿಕಲ್ ಕಾಲೇಜಿಗೆ ಎಷ್ಟು ಹೊತ್ತು, ಅಲ್ಲಿ ಸಿಗುವ ಚಿಕಿತ್ಸೆ ಯಾವುದು? ಎರಡು ಶಿರೂರುಗಳ ನಡುವೆ ಕಡಿದ ಗುಡ್ಡಗಳೆಷ್ಟು, ತಡೆಗೋಡೆ ಕಟ್ಟಿದ್ದು ಎಷ್ಟಕ್ಕೆ? ಇದಕ್ಕೆ ಯಾವ ಶೋರೂಮಿಗೂ ಹೋಗಬೇಕಾಗಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಒಂದು ಬೆಳಿಗ್ಗೆ, ಮಾಹಿತಿ ಹಕ್ಕಿನ ಒಂದು ಅರ್ಜಿ, ಹತ್ತು ರೂಪಾಯಿ ಶುಲ್ಕ ಸಾಕು. ಎರಡು ಕಾರಿನ ಪಟ್ಟಿಯನ್ನು ಕಣ್ಣುಮುಚ್ಚಿ ಒಪ್ಪಿಸುವ ವಿದ್ಯಾರ್ಥಿಗಳು ಪ್ರತಿ ಕಾಲೇಜಿನಲ್ಲೂ ಇದ್ದಾರೆ. ಅವರಲ್ಲಿ ಹತ್ತು ಜನ ಈ ಪಟ್ಟಿ ಮಾಡಲು ಹೊರಟರೆ ಮುಂದಿನ ಮಳೆಗಾಲ ಶುರುವಾಗುವ ಮೊದಲು ಅದು ತಹಶೀಲ್ದಾರರ ಮೇಜಿನ ಮೇಲೆ ಇರುತ್ತದೆ.